ಒಲಿಯಿಂದ ಒಲಿಗೆ ಎಷ್ಟು ತಾಸು?

“ಜಮಖಂಡಿ ಏನ್ ದೂರ ಆತು? ಬಸ್ಸಿನ್ಯಾಗ ಕುಂತ್ರ ಮುಕ್ಕಾಲು ತಾಸು.” ನಮ್ಮ ಓಣ್ಯಾಗ ಯಾರದರ ಮನಿ ಸೊಸಿಗೆ ನೌಕರಿ ಸಿಕ್ಕಿತು ಅಂದ್ರ ಮೊದಲ ಬರೂ ಮಾತು ಇದು. ಆರು ತಿಂಗಳ ಕಳದ ಮ್ಯಾಲ ಅದ ಬಾಯಿಂದ ಇನ್ನೊಂದು ಮಾತು ಬರತೈತಿ: “ದಿನಾ ಅಷ್ಟ ದೂರ ಯಾಕ ಓಡ್ಯಾಡತಿ, ಬಿಟ್ಟ ಬಿಡ ಅತ್ತಾಗ.” ಈ ಎರಡು ಮಾತಿನ ನಡುವ ಜಮಖಂಡಿ ಒಂದ ಇಂಚೂ ಸರದಿರೂದಿಲ್ಲ. ಮೊದಲ ಹತ್ರ ಇದ್ದಿದ್ದು ಈಗ ದೂರ ಹೆಂಗಾತು ಅಂತ ಯಾರೂ ಕೇಳೂದಿಲ್ಲ.

ನನ್ನ ಮಾತು ಇಷ್ಟ ನೋಡ್ರಿ. ಹೆಣ್ಣಮಗಳ ನೌಕರಿ ದಾರಿನ್ನ ಕಿಲೋಮೀಟರಿನ್ಯಾಗ ಅಳಿಯೂದು ಬಿಡ್ರಿ. ಸ್ಟ್ಯಾಂಡಿನಿಂದ ಸ್ಟ್ಯಾಂಡಿಗೆ ಅಳಿಯೂದೂ ಬಿಡ್ರಿ. ಮುಂಜಾನಿ ಆಕಿ ಒಲಿ ಆರಿಸಿ ಹೊಸ್ತಿಲ ದಾಟಿದಾಗಿಂದ ಕೆಲಸದ ಬಾಗಿಲ ಮುಟ್ಟೂ ತನಕ, ಸಂಜೀಕ ಆ ಬಾಗಿಲ ಬಿಟ್ಟಾಗಿಂದ ತಿರುಗಿ ಒಲಿ ಮುಂದ ನಿಲ್ಲೂ ತನಕ ಅಳೀರಿ. ಹಂಗ ಅಳದಾಗ ಒಂದ ಕಡೆಗೆ ಒಂದು ತಾಸು, ಹೋಗಿ ಬರೂದಕ್ಕ ಎರಡು ತಾಸು. ಇದರೊಳಗ ಇದ್ರ ಆಕಿ ಹೆಂಗೋ ಸಾಗಿಸತಾಳ. ಇದರ ಮ್ಯಾಲ ಹೋತು ಅಂದ್ರ ಅದು ಆಕಿ ಒಬ್ಬಾಕಿ ಹೊರೂ ಭಾರ ಅಲ್ಲ, ಮನಿ ಮಂದಿ ಎಲ್ಲಾರೂ ಹೊರಬೇಕು. ಅವರಿಗೆ ಹೊರಾಕ ಆಗೂದಿಲ್ಲ ಅಂದ್ರ ಮನಿ ಸರೀಬೇಕು, ನೌಕರಿ ಹೋಗಬಾರದು.

ಮುಕ್ಕಾಲು ತಾಸು ಅಂತಾರಲ್ಲ, ಅದನ್ನ ಒಂದ ಸಲ ಕುಂತು ಲೆಕ್ಕ ಹಾಕೋಣ. ಹತ್ತು ಗಂಟೆಕ್ಕ ಹಾಜರಿ ಐತಿ ಅಂತ ಇಟಗೊಳ್ರಿ. ಮನಿಯಿಂದ ಬನಹಟ್ಟಿ ಸ್ಟ್ಯಾಂಡಿಗೆ ನಡಕೊಂಡು ಹದಿನೈದು ಮಿನಿಟ. ಅಲ್ಲಿ ಬಸ್ಸಿಗೆ ಕಾಯೂದು ಇಪ್ಪತ್ತು ಮಿನಿಟ. ಬಸ್ಸಿನ್ಯಾಗ ಮುಕ್ಕಾಲು ತಾಸು. ಜಮಖಂಡಿ ಸ್ಟ್ಯಾಂಡಿನಿಂದ ಸೀಟ್ ಆಟೋ ಹಿಡದು ಕೆಲಸದ ಜಾಗಾಕ್ಕ ಇನ್ನೂ ಹದಿನೈದು. ಒಂದು ತಾಸು ಮೂವತ್ತೈದು ಮಿನಿಟ ಆತು. ಬಸ್ಸು ಕೈಕೊಟ್ರ ಇರಲಿ ಅಂತ ಒಂದು ಕಾಲು ತಾಸು ಹೆಚ್ಚಿಗಿ ಇಟಗೋಬೇಕು, ಅಂದ್ರ ಎಂಟೂ ಹತ್ತಕ್ಕ ಹೊಸ್ತಿಲ ದಾಟಬೇಕು. ಸಂಜೀಕ ಐದೂವರಿಗೆ ಬಿಟ್ಟಾಕಿ ಐದೂ ಮುಕ್ಕಾಲಕ್ಕ ಸ್ಟ್ಯಾಂಡಿಗೆ ಬರತಾಳ. ಮೊದಲನೇ ಬಸ್ಸು ಕಾಲಿಡಾಕ ಜಾಗ ಇಲ್ದಂಗ ತುಂಬಿರತೈತಿ, ಅದನ್ನ ಬಿಟ್ಟು ಎರಡನೇದು ಹತ್ತಬೇಕು, ಮೂವತ್ತೈದು ಮಿನಿಟ ಹೋತು. ಊರಿಗೆ ಬಂದು ಮನಿ ಮುಟ್ಟೂದರೊಳಗ ಏಳೂ ಇಪ್ಪತ್ತು. ದಾರ್ಯಾಗ ಕಾಯಿಪಲ್ಯ ತಗೊಂಡಿದ್ದು ಈ ಲೆಕ್ಕದಾಗಿಲ್ಲ. ಹೋಗಿ ಬರೂದು ಕೂಡಿ ಮೂರು ತಾಸು ಇಪ್ಪತ್ತೈದು ಮಿನಿಟ. ಮನಿ ಬಿಟ್ಟಿದ್ದು ಹನ್ನೊಂದು ತಾಸಿನ ಮ್ಯಾಲ. ಗಂಡನ್ನ ಕೇಳ್ರಿ, ಅಂವ “ಮುಕ್ಕಾಲು ತಾಸು” ಅಂತಾನ. ಸುಳ್ಳಲ್ಲ ಅದು, ಬಸ್ಸಿನ ಲೆಕ್ಕ ಹೇಳತಾನ. ಹೆಂಡತಿ ಲೆಕ್ಕ ಹಾಕಿರೂದಿಲ್ಲ.

ಇದು ಒಣಾ ದಾರಿ ಲೆಕ್ಕ ಮತ್ತ. ಕಾರ್ಖಾನಿ ಸೀಸನ್ ಚಾಲೂ ಆದ ಮ್ಯಾಲ ನೋಡ್ರಿ. ದೀಪಾವಳಿ ಸುತ್ತಮುತ್ತ ಕಬ್ಬಿನ ಟ್ರ್ಯಾಕ್ಟರು ರಸ್ತಾಕ್ಕ ಬಿದ್ದವು ಅಂದ್ರ ಒಂದೊಂದು ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರು, ಆ ಕಡೆ ಈ ಕಡೆ ಹೊರಗ ಚಾಚಿದ ಕಬ್ಬು, ಹಿಂದಿನ ದೀಪ ಒಂದೂ ಇರೂದಿಲ್ಲ, ಟೇಪ್ ಹಚ್ಚಿ ಹಾಡು ಮಾತ್ರ ಜೋರ. ಬಸ್ಸು ಅದರ ಬಾಲ ಹಿಡದು ಹೋಗಬೇಕು. ಬ್ಯಾಸಿಗ್ಯಾಗ ಮುಕ್ಕಾಲು ತಾಸಿನ ದಾರಿ ಆವಾಗ ಒಂದು ತಾಸು ಆದ್ರೂ ಅಂಜಿಕಿ ಇಲ್ಲ. ಮಳಿಗಾಲದ ಕಥಿ ಬ್ಯಾರೆ. 2019ರ ಆಗಸ್ಟಿನ್ಯಾಗ ಕೃಷ್ಣಾ, ಘಟಪ್ರಭಾ ಎರಡೂ ತುಂಬಿ ಬಂದಾಗ ನಮ್ಮ ಭಾಗದ ರಸ್ತಾ ಎಷ್ಟು ಮುಚ್ಚಿದ್ದವು ಅಂತ ನಿಮಗೆಲ್ಲಾ ನೆನಪೈತಿ. ಅದಕ್ಕ ಹೆಣ್ಣಿಗೆ ನೌಕರಿ ದಾರಿ ನೋಡಾಕ ಹೋಗೋರು ಮೇ ತಿಂಗಳದಾಗ ಹೋಗಬ್ಯಾಡ್ರಿ, ನವಂಬರಿನ್ಯಾಗ ಹೋಗ್ರಿ. ಅದೂ ಕಾರು ತಗೊಂಡಲ್ಲ, ಮುಂಜಾನಿ ಬಸ್ಸಿನ್ಯಾಗ ನಿಂತಗೊಂಡು.

ಈಗ ಬಸ್ಸಿನ ಮಾತು ಬಂತಲ್ಲ, “ಫ್ರೀ ಐತಿ, ಇನ್ನೇನ ಬೇಕು” ಅನ್ನೋರಿಗೆ ಒಂದೆರಡು ಮಾತು ಹೇಳಬೇಕು. 2023ರ ಜೂನ್ 11ಕ್ಕ ಶಕ್ತಿ ಯೋಜನಾ ಚಾಲೂ ಆದಾಗ ನಾನೂ ಖುಷಿ ಪಟ್ಟೇನಿ, ಇವತ್ತಿಗೂ ಅದರ ಪರವಾಗಿ ಜಗಳಾಡತೇನಿ. ಎಷ್ಟೋ ಹೆಣ್ಣಮಕ್ಕಳು ಮನಿ ಮಂದಿ ಮುಂದ ಕೈ ಚಾಚದ ತವರಮನಿಗೆ ಹೋಗಿದ್ದು, ದವಾಖಾನಿಗೆ ಹೋಗಿದ್ದು, ನೌಕರಿ ಹುಡಕಿದ್ದು ಆ ಶೂನ್ಯ ಟಿಕೇಟಿನ ಮ್ಯಾಲ. ಅದನ್ನ ಚಾಷ್ಟಿ ಮಾಡೋರಿಗೆ ನನ್ನ ಮನ್ಯಾಗ ಚಾ ಇಲ್ಲ. ಆದ್ರ ಅದರಿಂದ ಇನ್ನೊಂದು ಆತು, ಅದನ್ನ ಯಾರೂ ಹೇಳವಲ್ಲರು. ಮೊದಲ ಟಿಕೇಟಿಗೆ ರೊಕ್ಕಾ ಹೋಗತಿತ್ತು, ಪಾಸಿಗೆ ತಿಂಗಳಾ ರೊಕ್ಕಾ ಎಣಿಸಿ ಕೊಡಬೇಕಿತ್ತು. ಹಂಗಾಗಿ ಮನ್ಯಾಗ ಒಂದು ಲೆಕ್ಕ ಆಗತಿತ್ತು. “ಪಗಾರದಾಗ ಇಷ್ಟು ದಾರಿಗೆ ಹೋಗತೈತಿ, ಸಮೀಪ ಏನರ ನೋಡೋಣೇನು, ಅಲ್ಲೇ ಒಂದು ಖೋಲಿ ಹಿಡಿಯೋಣೇನು” ಅಂತ ಗಂಡಸರೂ ವಿಚಾರ ಮಾಡತಿದ್ರು. ಈಗ ಟಿಕೇಟು ಶೂನ್ಯ, ಅದಕ್ಕ ದಾರಿನೂ ಶೂನ್ಯ ಅಂತ ತಿಳಕೊಂಡಾರ. ಮನಿ ಕಿಸೆಕ್ಕ ಹತ್ತಲಾರದ್ದು ಮನಿ ಕಣ್ಣಿಗೂ ಬೀಳೂದಿಲ್ಲ. ಆಕಿ ಹೊತ್ತು, ಆಕಿ ಮೊಣಕಾಲು, ಆಕಿ ನಿದ್ದಿ ಯಾವ ಟಿಕೇಟಿನ ಮ್ಯಾಲೂ ಅಚ್ಚು ಆಗಿರೂದಿಲ್ಲ.

ಮತ್ತ ಬಸ್ಸು ಫ್ರೀ ಆದ್ರ ಬಸ್ಸು ಹೆಚ್ಚಾದಂಗಲ್ಲ. ಮಂದಿ ಎಷ್ಟು ಏರಿತೋ ಗಾಡಿ ಅಷ್ಟು ಏರಿಲ್ಲ ಅನ್ನೂದು ಮುಂಜಾನಿ ಎಂಟು ಗಂಟೆಕ್ಕ ಯಾವ ಸ್ಟ್ಯಾಂಡಿನ್ಯಾಗ ನಿಂತ್ರೂ ಕಾಣತೈತಿ. ಅರ್ಧಾ ಸೀಟು ಗಂಡಸರಿಗೆ ಅಂತ ನಿಯಮ ಐತಿ, ಇರಲಿ ಬಿಡ್ರಿ. ಆದ್ರ ಎಂಟು ಗಂಟೆ ಬಸ್ಸಿನ್ಯಾಗ ಕಾಲೇಜಿನ ಹುಡಿಗ್ಯಾರು, ಮಾಸ್ತರತಿಯರು, ನರ್ಸು, ಅಂಗಡ್ಯಾಗ ಕೆಲಸಾ ಮಾಡೋರು, ಬ್ಯಾಂಕಿನೋರು ಎಲ್ಲಾರೂ ಒಂದ ಗಾಡ್ಯಾಗ ತುರುಕಿಕೊಂಡು ಹೋಗೂದು ಯಾವ ನ್ಯಾಯ? ಹನ್ನೊಂದು ಗಂಟೆಕ್ಕ ಅದ ದಾರ್ಯಾಗ ಖಾಲಿ ಬಸ್ಸು ಹೋಗತಿರತಾವ.

ರೈಲಿನ ಮಾತು ಬ್ಯಾಡ. ಬಾಗಲಕೋಟಿ–ಕುಡಚಿ 142 ಕಿಲೋಮೀಟರ್ ಮಾರ್ಗ 2010–11ರಾಗ ಮಂಜೂರ ಆತು. ಆವಾಗ ಹುಟ್ಟಿದ ಕೂಸು ಈಗ ಕಾಲೇಜಿಗೆ ಬಸ್ಸಿನ್ಯಾಗ ನಿಂತಗೊಂಡು ಹೋಗಾಕತ್ತೈತಿ.

ಇನ್ನು ನಮ್ಮ ಹಿರ್ಯಾರ ಮಾತು. ಇದಕ್ಕ ಉತ್ತರಾ ಕೊಡೂದು ನನಗ ಬಾಳ ತ್ರಾಸ, ಯಾಕಂದ್ರ ಹೇಳೋರು ನಮ್ಮವರ, ಅವರು ಕಷ್ಟ ಪಟ್ಟಿದ್ದು ಖರೇನ ಐತಿ. “ನಾವು ಮನಿ ಬಿಟ್ಟು ಎಲ್ಲಿ ಹೋಗಿದ್ವಿ? ಮನ್ಯಾಗ ಇದ್ದು ದುಡದಿಲ್ಲೇನು? ನೀವು ಯಾಕ ಊರೂರು ತಿರಗತೀರಿ?” ಅಂತಾರ. ನಮ್ಮ ಬನಹಟ್ಟಿ, ರಬಕವಿ, ರಾಂಪುರ, ಹೊಸೂರು ಅಂದ್ರ ನೇಕಾರರ ಊರು. ಪಡಸಾಲ್ಯಾಗ ಕುಣಿ ಮಗ್ಗ, ಮಗ್ಗದ ಮಗ್ಗಲಕ್ಕ ರಾಟಿ, ರಾಟಿ ಹಿಂದ ಒಲಿ. ಗಂಡಸರು ಕುಣ್ಯಾಗ ಕಾಲಿಟ್ಟು ಲಾಳಿ ಹೊಡದ್ರ ಹೆಂಗಸರು ಲಡಿ ಬಿಚ್ಚಿ ಕಂಡಿಕಿ ಸುತ್ತಿ ಕೊಡತಿದ್ರು. ಒಂದು ಕಂಡಿಕಿ ಮುಗಿಯೂದರೊಳಗ ಇನ್ನೊಂದು ತಯಾರ ಇರಬೇಕು, ಇಲ್ಲಾಂದ್ರ ಮಗ್ಗ ನಿಂತು ಬೈಗಳಾ ಚಾಲೂ. ಕೂಸಿಗೆ ಮೊಲಿ ಕೊಟಗೋತ ಕಂಡಿಕಿ ಸುತ್ತಿದ ಅಜ್ಜಿಗೋಳು ಇನ್ನೂ ನಮ್ಮ ನಡುವ ಅದಾರ. ದಾರಿ ಶೂನ್ಯ ಮಿನಿಟ. ಇದಕ್ಕಿಂತ ಸಮೀಪದ ಕೆಲಸ ಜಗತ್ತಿನ್ಯಾಗ ಎಲ್ಲೈತಿ?

ಆದ್ರ ಶನಿವಾರ ಮಜೂರಿ ಯಾರ ಕೈಯಾಗ ಬಂತು? ಮಜೂರಿ ಸೀರಿ ಲೆಕ್ಕದ ಮ್ಯಾಲ. ಸೀರಿ ನೇದಂವ ಗಂಡಸು, ಹಂಗಾಗಿ ರೊಕ್ಕಾ ಅವನದು. ಕಂಡಿಕಿಗೆ ಬ್ಯಾರೆ ಹೆಸರಿಲ್ಲ, ಬ್ಯಾರೆ ಪಗಾರಿಲ್ಲ, ಅದು “ಮನಿ ಕೆಲಸ”. ಐದು ಗಂಟೆಕ್ಕ ಮುಗೀತು ಅನ್ನೂದೂ ಇಲ್ಲ, ಐತವಾರ ಸೂಟಿ ಅನ್ನೂದೂ ಇಲ್ಲ. ದಾರಿ ಇಲ್ಲದ ಕೆಲಸಕ್ಕ ಬಾಗಲಾ ಮುಚ್ಚೂ ಹೊತ್ತೂ ಇರೂದಿಲ್ಲ ಅನ್ನೂದು ಈ ಊರಿನ ಹೆಣ್ಣಮಕ್ಕಳಿಗೆ ಗೊತ್ತಿದ್ದಷ್ಟು ಬ್ಯಾರೆ ಯಾರಿಗೂ ಗೊತ್ತಿಲ್ಲ. ಅದಕ್ಕ “ನೌಕರಿ ಬಿಡು, ಮನ್ಯಾಗ ಕುಂತು ಸೀರಿಗೆ ಕುಚ್ಚು ಕಟ್ಟು, ಫಾಲ್ ಹಚ್ಚು, ಹೊಲಗಿ ಹಾಕು” ಅನ್ನೋರು ಒಂದ ಸಲ ವಿಚಾರ ಮಾಡ್ರಿ. ಕುಚ್ಚು ಕಟ್ಟೂದು ಕೆಟ್ಟ ಕೆಲಸಲ್ಲ. ಆದ್ರ ಪಿಎಫ್ ಇದ್ದ, ತಿಂಗಳಾ ಪಗಾರ ಆಕಿ ಹೆಸರಿನ ಖಾತೆಕ್ಕ ಬೀಳೂ ನೌಕರಿ ಬಿಡಿಸಿ ಕುಚ್ಚು ಕಟ್ಟಾಕ ಕುಂದರಿಸಿದ್ರ ಅದು ಆಕಿ ದಾರಿ ಕಡಿಮಿ ಮಾಡಿದಂಗಲ್ಲ. ಆಕಿ ಅಜ್ಜಿ ಕುಂತಿದ್ದ ರಾಟಿ ಮುಂದ ಆಕಿನ್ನೂ ಒಯ್ದು ಕುಂದರಿಸಿದಂಗ.

ಬೆಂಗಳೂರಿನೋರ ಉದಾಹರಣಿ ಕೊಡತಾರ ಕೆಲವರು. “ಅಲ್ಲಿ ನಮ್ಮ ಮಗಳು ಎರಡು ತಾಸು ಟ್ರಾಫಿಕ್ಕಿನ್ಯಾಗ ಕುಂದರತಾಳ, ನಿಮ್ಮದೇನು?” ಒಬ್ಬಾಕಿ ಬವಣಿ ಇನ್ನೊಬ್ಬಾಕಿಗೆ ಅಳತಿಗೋಲು ಯಾಕ ಆಗಬೇಕು? ಅದೂ ಅಲ್ದ ಅಲ್ಲಿ ಆಕಿ ಕಂಪನಿ ಗಾಡ್ಯಾಗ ಕುಂತು ಹೋಗತಾಳ, ಮನಿಗೆ ಭಾಂಡೆ ತಿಕ್ಕಾಕ ಒಬ್ಬಾಕಿ ಬರತಾಳ, ಸಾಕಾದ ದಿನ ಊಟ ತರಸತಾಳ. ನಮ್ಮಲ್ಲಿ ರಾತ್ರಿ ಎಂಟಕ್ಕ ಬಿಸಿ ರೊಟ್ಟಿ ಬಡೀದಿದ್ರ ಮಾವ ತಾಟ ಸರಸತಾನ. ಮುಂಬೈದಾಗ 1992ರಿಂದ ಹೆಂಗಸರದ ಬ್ಯಾರೆ ಲೋಕಲ್ ಟ್ರೇನು ಓಡಾಕತ್ತೈತಿ. ಸಂಜಿ ಲೋಕಲ್ಲಿನ್ಯಾಗ ಹೆಂಗಸರು ತೊಡಿ ಮ್ಯಾಲ ಪೇಪರ್ ಹಾಸಿಕೊಂಡು ಕಾಯಿಪಲ್ಯ ಸೋಸತಾರ, ಬಟಾಣಿ ಸುಲೀತಾರ. ಅದರ ಫೋಟೋ ನೋಡಿ “ಎಷ್ಟು ಚುರುಕು” ಅಂತ ಹೊಗಳತಾರ ಮಂದಿ. ಅದೇ ಟ್ರೇನಿನ ಗಂಡಸರ ಡಬ್ಬ್ಯಾಗ ಇಸ್ಪೀಟು, ಭಜನಿ ನಡೀತಿರತಾವ. ಚುರುಕುತನ ಅಂತೀರೋ ಏನಂತೀರೋ, ನನಗಂತೂ ಅಡಗಿಮನಿ ಆಕಿನ್ನ ಹುಡಕ್ಯಾಡಕೋತ ಗಾಡಿ ಹತ್ತಿದಂಗ ಕಾಣತೈತಿ.

ಹಂಗಾರ ಒಂದು ತಾಸಿನ ಗೆರಿ ನಾನು ಎಲ್ಲಿಂದ ತಂದೆ? ಎರಡು ಕಡೆಯಿಂದ. ಒಂದು, ಚೆಸಾರೆ ಮಾರ್ಕೆಟ್ಟಿ ಅಂತ ಇಟಲಿಯ ಒಬ್ಬ ಭೌತಶಾಸ್ತ್ರಜ್ಞ 1994ರಾಗ ಬರದಿದ್ದು: ನಡಕೊಂಡು ಹೋಗೂ ಕಾಲದಿಂದ ಕಾರಿನ ಕಾಲದ ತನಕ ಮನಷ್ಯಾ ದಿನಕ್ಕ ಸರಾಸರಿ ಸುಮಾರು ಒಂದು ತಾಸಿನಷ್ಟ ಓಡಾಟಕ್ಕ ಕೊಡತಾನ, ಗಾಡಿ ಜೋರಾದ್ರ ಊರು ದೂರ ಬೆಳೀತೈತಿ, ಹೊತ್ತು ಮಾತ್ರ ಅಷ್ಟ ಉಳೀತೈತಿ ಅಂತ. ದಿನಕ್ಕ ಒಂದು ತಾಸು ಅಂತ ನಾನು ಹೇಳಿದ್ರ ನೀವು ನಗತೀರಿ, ಅದಕ್ಕ ನಾನು ಎರಡು ತಾಸು ಅಂದೇನಿ, ಇದು ಉದಾರ ಲೆಕ್ಕನ. ಎರಡನೇದು ಸರಕಾರದ ಲೆಕ್ಕ. 2024ರಾಗ ಕೇಂದ್ರ ಸರಕಾರ ದೇಶದ ಮಂದಿ ದಿನದ ಇಪ್ಪತ್ನಾಲ್ಕು ತಾಸು ಹೆಂಗ ಕಳೀತಾರ ಅಂತ ಸಮೀಕ್ಷೆ ಮಾಡಿತು. ಅದರಾಗ ಬಂದಿದ್ದು ಏನಂದ್ರ, ಮನಿ ಕೆಲಸ ಮಾಡೂ ಹೆಣ್ಣಮಗಳು ಅದಕ್ಕ ದಿನಾ ಸರಾಸರಿ 289 ಮಿನಿಟ ಕೊಡತಾಳ, ಮನಿ ಕೆಲಸಕ್ಕ ಕೈ ಹಚ್ಚೂ ಗಂಡಸು 88 ಮಿನಿಟ. ಇದು ಕೈ ಹಚ್ಚೂ ಗಂಡಸರ ಲೆಕ್ಕ ಅಷ್ಟ, ಹಚ್ಚಲಾರದವರು ಇದರಾಗ ಇಲ್ಲ. ಮಕ್ಕಳು, ಮುದುಕರ ಆರೈಕಿ ಇದರ ಮ್ಯಾಲ ಬ್ಯಾರೆ.

ಇನ್ನ ಮ್ಯಾಲಿನ ಹೆಣ್ಣಮಗಳಿಗೆ ಕೂಡಸ್ರಿ. ಮನಿ ಹೊರಗ ಹನ್ನೊಂದು ತಾಸು ಹತ್ತು ಮಿನಿಟ. ಮನಿ ಕೆಲಸ 289 ಮಿನಿಟ ಅಂದ್ರ ಹೆಚ್ಚುಕಡಿಮಿ ಐದು ತಾಸು. ಹದಿನಾರು ತಾಸು ಹೋತು. ಉಳದ ಎಂಟು ತಾಸಿನ್ಯಾಗ ಆಕಿ ಮಲಗಬೇಕು, ಉಣ್ಣಬೇಕು, ಜಳಕಾ ಮಾಡಬೇಕು, ಮಕ್ಕಳ ಅಭ್ಯಾಸ ತಗೋಬೇಕು, ಅತ್ತಿ ಕಾಲಿಗೆ ಎಣ್ಣಿ ಹಚ್ಚಬೇಕು, ನೆಂಟರ ಫೋನಿಗೆ ನಗಮುಖದಿಂದ ಮಾತಾಡಬೇಕು. ಗಂಡಗ ದಾರಿ ಒಂದು ತಾಸು ಹೆಚ್ಚಾದ್ರ ಕಟ್ಟಿ ಮ್ಯಾಲಿನ ಹರಟಿ ಒಂದು ತಾಸು ಕಡಿಮಿ ಆಗತೈತಿ. ಹೆಂಡತಿಗೆ ಹೆಚ್ಚಾದ್ರ ನಿದ್ದಿ ಕಡಿಮಿ ಆಗತೈತಿ. ಒಂದ ದಾರಿ, ಒಂದ ಬಸ್ಸು, ಖರ್ಚು ಬ್ಯಾರೆ ಬ್ಯಾರೆ. ಆರು ತಿಂಗಳಿಗೆ ಜಮಖಂಡಿ ದೂರ ಆಗೂದು ಹಿಂಗ.

ನಾನೂ ಒಂಬತ್ತು ವರ್ಷ ಆ ದಾರ್ಯಾಗ ಓಡ್ಯಾಡೇನಿ. ನನಗ ಸಾಗಿದ್ದು ನಾನು ಗಟ್ಟಿ ಇದ್ದೆ ಅಂತಲ್ಲ. ನಮ್ಮತ್ತಿ ಮುಂಜಾನಿ ರೊಟ್ಟಿ ಬಡದು ಕೊಡತಿದ್ರು, ಅದಕ್ಕ. ಬುತ್ತಿ ಕಟ್ಟೂದಷ್ಟ ನನ್ನ ಪಾಲಿಗೆ ಇತ್ತು. ಆ ನಾಲ್ವತ್ತು ಮಿನಿಟ ಇಲ್ಲದಿದ್ರ ಎರಡನೇ ವರ್ಷಕ್ಕ ನಾನೂ ಬಿಡತಿದ್ದೆ.

ಕಾನೂನಿಗೆ ಈ ದಾರಿ ಕಾಣೂದಿಲ್ಲೇನು ಅಂದ್ರ, ಅರ್ಧಾ ಕಾಣತೈತಿ. 1948ರ ಕಾರ್ಖಾನೆ ಕಾಯ್ದೆದಾಗ ದಿನಕ್ಕ ಒಂಬತ್ತು ತಾಸಿನ ಮ್ಯಾಲ ದುಡಸಬಾರದು, ನಡುವಿನ ಬಿಡುವು ಕೂಡಿ ಹತ್ತೂವರಿ ತಾಸಿನ ಮ್ಯಾಲ ಇಟಗೋಬಾರದು ಅಂತಿತ್ತು. ಆ ಕಾಲದೋರಿಗೆ ಅಷ್ಟರ ತಿಳವಳಿಕಿ ಇತ್ತು, ದುಡದ ಹೊತ್ತಷ್ಟ ಅಲ್ಲ, ಹಿಡದು ಇಟಗೊಂಡ ಹೊತ್ತೂ ಎಣಿಸಬೇಕು ಅಂತ. ಆದ್ರ ಎಣಿಕಿ ಗೇಟಿನಿಂದ ಚಾಲೂ. 2023ರಾಗ ನಮ್ಮ ರಾಜ್ಯ ತಿದ್ದುಪಡಿ ತಂದು ದಿನಕ್ಕ ಹನ್ನೆರಡು ತಾಸಿನ ತನಕ ಪಾಳಿ ಮಾಡಬಹುದು, ಹೆಂಗಸರನ್ನ ರಾತ್ರಿ ಪಾಳಿಗೂ ಹಚ್ಚಬಹುದು ಅಂತ ಮಾಡಿತು. ವಾರಕ್ಕ 48 ತಾಸು ಅನ್ನೂದು ಹಂಗ ಐತಿ, ಮೂರು ದಿನ ಸೂಟಿ ಸಿಗತೈತಿ ಅಂತಾರ. ಹನ್ನೆರಡು ತಾಸಿಗೆ ನಮ್ಮ ಮೂರು ತಾಸು ಇಪ್ಪತ್ತೈದು ಮಿನಿಟ ಕೂಡಿಸಿ ನೋಡ್ರಿ, ಆ ದಿನ ಆಕಿ ಮನಿಗೆ ಬಂದು ಮಲಗಿ ಎದ್ದು ಹೋಗೂ ನೆಂಟಳು ಆಗತಾಳ.

ಇನ್ನೊಂದು ಐತಿ. ಇಎಸ್‌ಐ ಇದ್ದ ಕೆಲಸಗಾರರಿಗೆ ಮನಿಯಿಂದ ಕೆಲಸಕ್ಕ ಹೋಗೂ ಬರೂ ದಾರ್ಯಾಗ ಅಪಘಾತ ಆದ್ರ, ಆ ದಾರಿಗೂ ಕೆಲಸಕ್ಕೂ ಸಂಬಂಧ ತೋರಿಸಿದ್ರ, ಅದು ಕೆಲಸದಾಗ ಆದ ಅಪಘಾತದಂಗ ಅಂತ 2010ರ ತಿದ್ದುಪಡ್ಯಾಗ ಬಂತು. ಒಳ್ಳೇದ ಆತು. ಆದ್ರ ಅದರ ಅರ್ಥ ನೋಡ್ರಿ. ದಾರ್ಯಾಗ ಕೈಕಾಲು ಮುರದ್ರ ಆ ದಾರಿ ಕೆಲಸದ ಪಾಲು. ಸುರಕ್ಷಿತ ಮನಿ ಮುಟ್ಟಿದ್ರ ಅದು ಆಕಿ ಸ್ವಂತ ತಿರಗಾಟ.

ಜರ್ಮನಿಯೋರು ಇದನ್ನ ಕಾನೂನಿನ್ಯಾಗ ಬರದಾರ. ಅಲ್ಲಿ ಕೆಲಸ ಇಲ್ಲದವರಿಗೆ ಸರಕಾರ ಭತ್ಯೆ ಕೊಡತೈತಿ, ತೋರಿಸಿದ ಕೆಲಸ ಒಲ್ಲೆ ಅಂದ್ರ ಭತ್ಯೆ ನಿಲ್ಲಿಸಬಹುದು. ಆದ್ರ ಆರು ತಾಸಿನ ಮ್ಯಾಲಿನ ಕೆಲಸಕ್ಕ ಹೋಗಿ ಬರೂದು ಎರಡೂವರಿ ತಾಸಿಗಿಂತ ಹೆಚ್ಚು, ಆರು ತಾಸು ಇಲ್ಲಾ ಅದಕ್ಕೂ ಕಡಿಮಿ ಕೆಲಸಕ್ಕ ಎರಡು ತಾಸಿಗಿಂತ ಹೆಚ್ಚು ಆಗತಿದ್ರ, ಸಾಮಾನ್ಯವಾಗಿ ಅಂಥಾ ಕೆಲಸ ಒಪ್ಪಗೋ ಅಂತ ಒತ್ತಾಯ ಮಾಡೂದಿಲ್ಲ. ನಾನು ಎರಡೂವರಿ ಬ್ಯಾಡ, ಎರಡ ತಾಸು ಅಂತೇನಿ. ಯಾಕಂದ್ರ ಜರ್ಮನಿಯೋರು ಬ್ರೆಡ್ಡು ಅಂಗಡ್ಯಾಗ ತರತಾರ, ಜೋಳದ ರೊಟ್ಟಿ ಬಡದು ಬಸ್ಸು ಹತ್ತೂದಿಲ್ಲ.

ದಾರಿ ಬರೇ ಹೊತ್ತಿನ ಮಾತೂ ಅಲ್ಲ. ಗಿರಿಜಾ ಬೋರ್ಕರ್ ಅನ್ನೂ ಅರ್ಥಶಾಸ್ತ್ರಜ್ಞೆ ದಿಲ್ಲಿ ವಿಶ್ವವಿದ್ಯಾಲಯದ ಹುಡಿಗ್ಯಾರ ಅಭ್ಯಾಸ ಮಾಡಿ ತೋರಿಸ್ಯಾಳ. ಒಳ್ಳೇ ಕಾಲೇಜು ಸಿಗತಿದ್ರೂ, ದಾರ್ಯಾಗ ಕಾಟ ಕಡಿಮಿ ಅಂತ, ಅದಕ್ಕಿಂತ ಕೆಳಗಿನ ಕಾಲೇಜು ಆರಸಿಕೊಂಡ ಹುಡಿಗ್ಯಾರು ಬಾಳ ಅದಾರ ಅಂತ. ದಿಲ್ಲಿ ಯಾಕ, ನಮ್ಮ ಸುತ್ತಲಿನ ಹಳ್ಳ್ಯಾಗ ಹತ್ತನೇತ್ತಾ ಪಾಸಾದ ಹುಡಗಿ “ಬಸ್ಸಿನ್ಯಾಗ ಯಾರ ಕಳಸತಾರ” ಅಂತ ಮನ್ಯಾಗ ಕುಂತಿದ್ದು ಎಷ್ಟ ನೋಡಿಲ್ಲ? ಚಳಿಗಾಲದಾಗ ಏಳೂ ಕಾಲಕ್ಕ ಕತ್ತಲಿ. ಸ್ಟ್ಯಾಂಡಿನಿಂದ ಓಣಿ ತನಕ ಹದಿನೈದು ಮಿನಿಟ ಕಾಲಾಗಿನ ಲೆಕ್ಕದಾಗ ಹದಿನೈದು, ಎದಿ ಲೆಕ್ಕದಾಗ ಅರ್ಧಾ ತಾಸು. ಇದಕ್ಕ ಉಪಾಯ ಹುಡಗಿನ್ನ ಮನ್ಯಾಗ ಇಟಗೊಳ್ಳೂದಲ್ಲ. ಬೀದಿ ದೀಪ ಹಾಕಸೂದು, ಸ್ಟ್ಯಾಂಡಿಗೆ ಒಬ್ಬರು ಹೋಗಿ ನಿಲ್ಲೂದು. ಮಗನ ಮೋಟರ್ ಸೈಕಲ್ಲಿನ ಪೆಟ್ರೋಲು ಪಾನ್ ಅಂಗಡಿಗೆ ಹೋಗಾಕ ಸಾಲತೈತಿ, ತಂಗಿನ್ನ ಸ್ಟ್ಯಾಂಡಿನಿಂದ ಕರಕೊಂಡು ಬರಾಕ ಸಾಲೂದಿಲ್ಲ.

ಈಗ ಮುಖ್ಯ ಮಾತಿಗೆ ಬರತೇನಿ. ಮನಿ ಸರೀಬೇಕು ಅಂದೆ. ಅಂದ ಕೂಡಲೆ “ಮಗ್ಗ ಬಿಟ್ಟು ಹೆಂಗ ಹೋಗೂದು, ಮುದುಕರನ್ನ ಬಿಟ್ಟು ಹೆಂಗ ಹೋಗೂದು, ಜಮಖಂಡ್ಯಾಗ ಬಾಡಗಿ ಯಾರ ಕೊಡತಾರ” ಅಂತೀರಿ. ಎಲ್ಲಾ ಖರೇ ಅಡಚಣಿಗೋಳ. ಆದ್ರ ಇದೇ ಮನಿ ಮಗಗ ಹುಬ್ಬಳ್ಳ್ಯಾಗ ನೌಕರಿ ಬಂದಾಗ ಒಂದು ವಾರದಾಗ ಖೋಲಿ ಸಿಕ್ಕಿತು, ಡಿಪಾಜಿಟ್ಟಿಗೆ ರೊಕ್ಕಾ ಹೊಂದಿತು, ಗಾದಿ ಗ್ಯಾಸು ಟೆಂಪೋದಾಗ ಹೋದವು, ಬೇಕಾದ್ರ ಸೊಸಿ ಜತೀಗೆ ಅತ್ತಿನೂ ಹೋದಳು ಅಡಗಿ ಮಾಡಿ ಹಾಕಾಕ. ಆವಾಗ ಯಾರೂ “ದಿನಾ ಹೋಗಿ ಬಾ, ಇಲ್ಲಾಂದ್ರ ಬಿಡು” ಅನ್ನಲಿಲ್ಲ. ಗಂಡಸಿನ ನೌಕರಿಗೆ ಮನಿ ನಡಕೋತ ಹೋಗತೈತಿ. ಹೆಂಗಸಿನ ನೌಕರಿ ಮನಿ ತನಕ ನಡಕೊಂಡು ಬರಬೇಕು, ಬರದಿದ್ರ ಅದು ನೌಕರಿನ ಅಲ್ಲ. ನಾನು ಜಗಳಾ ತಗೀಯೂದು ಈ ಒಂದು ಮಾತಿನ ಮ್ಯಾಲ. ಎಲ್ಲಾರೂ ಜಮಖಂಡಿಗೆ ಹೋಗಿ ಕುಂದರ್ರಿ ಅನ್ನವಲ್ಲೆ. ಬಾಡಗಿ ತುಟ್ಟಿ ಅನಸಿದ್ರ ಮನಿ ಸರಸಬ್ಯಾಡ್ರಿ, ಮನಿ ಕೆಲಸ ಸರಸ್ರಿ. ಆಕಿ ಹೊರಗ ಇರೂ ಆ ಹೆಚ್ಚಿನ ಒಂದೂವರಿ ತಾಸು ಮನ್ಯಾಗ ಯಾರು ತುಂಬತಾರ ಅಂತ ಹೆಸರು ಹಚ್ಚಿ ಹೇಳ್ರಿ. ಮುಂಜಾನಿ ಮುಸುರಿ ಮಾವಂದು, ಸಂಜಿ ಕುಕ್ಕರ್ ಗಂಡಂದು, ಮಕ್ಕಳ ಶಾಲಿ ಚೀಲ ಅತ್ತಿದು. “ಎಲ್ಲಾರೂ ಸಹಾಯ ಮಾಡತೇವಿ” ಅನ್ನೂದು ಯಾರೂ ಮಾಡೂದಿಲ್ಲ ಅಂದಂಗ, ಇದು ನಿಮಗೂ ಗೊತ್ತೈತಿ ನನಗೂ ಗೊತ್ತೈತಿ.

ಸಮೀಪ ಇದ್ದ ಕೆಲಸ ಹುಡುಕಿಕೊಳ್ಳೂದೂ ಒಂದು ದಾರಿ, ಇಲ್ಲ ಅನ್ನೂದಿಲ್ಲ. ಸರಕಾರಕ್ಕೂ ಇದು ಗೊತ್ತೈತಿ, ಅದಕ್ಕ ಅಂಗನವಾಡಿ ಕಾರ್ಯಕರ್ತೆ ಆಗಬೇಕಾದ್ರ ಅದ ಊರಿನಾಕಿ ಇರಬೇಕು ಅಂತ ಇಟ್ಟಾರ. ಆದ್ರ ಸಮೀಪದ ಕೆಲಸಕ್ಕ ಪಗಾರ ಅನ್ನೂದು ಗೌರವಧನ ಆಗತೈತಿ, ಅದೂ ಗೊತ್ತಿರಲಿ. ಬಿಎಸ್ಸಿ, ಬಿಕಾಂ ಕಲತ ಹುಡಗಿಗೆ ನಮ್ಮೂರಾಗ ಏನೈತಿ? ಸೀರಿ ಅಂಗಡಿ, ಪತ್ತಿನ ಸಂಘ, ಖಾಸಗಿ ಶಾಲಿ. 2017ರ ಬಜೆಟ್ಟಿನ್ಯಾಗ ರಬಕವಿ-ಬನಹಟ್ಟಿ ತಾಲೂಕು ಅಂತ ಹೇಳಿದಾಗ ಪಟಾಕಿ ಹಾರಸಿದ್ವಿ. ಉಪವಿಭಾಗದ ಕಚೇರಿ ಇವತ್ತಿಗೂ ಜಮಖಂಡ್ಯಾಗ, ಜಿಲ್ಲಾ ಕಚೇರಿ ಬಾಗಲಕೋಟ್ಯಾಗ. ನೌಕರಿಗೋಳು ಎಲ್ಲಿ ಅದಾವೋ ಹೆಣ್ಣಮಕ್ಕಳು ಅಲ್ಲಿಗೆ ಹೋಗಾಕಬೇಕು.

ಮತ್ತ ಒಂದು ಮಾತು, ಪಗಾರದ ನೌಕರ್ಯೋರದಷ್ಟ ಬರದೆ ಅಂತ ಅನಬ್ಯಾಡ್ರಿ. ಟಂಟಂದಾಗ ಹನ್ನೆರಡು ಮಂದಿ ಕುಂತು ಕಬ್ಬಿನ ಹೊಲಕ್ಕ ಹೋಗೂ ಹೆಂಗಸರು, ಕೃಷ್ಣಾ ಹೊಳಿ ಆಚಿಯಿಂದ ಈ ಕಡೆ ಪವರ್‌ಲೂಮಿಗೆ ಬರೋರು, ಅವರ ದಾರಿ ಹೊತ್ತಿಗೂ ಕೂಲಿ ಇಲ್ಲ. ಅವರಿಗೆ “ಬಿಡು” ಅನ್ನೋರೂ ಇಲ್ಲ, ಯಾಕಂದ್ರ ಬಿಟ್ರ ಒಲಿ ಹತ್ತೂದಿಲ್ಲ. ಬಿಡು ಅನ್ನೂ ಮಾತು ಹೊಟ್ಟಿ ತುಂಬಿದ ಮನ್ಯಾಗ ಹೆಚ್ಚು ಕೇಳತೈತಿ.

ಇದನ್ನೆಲ್ಲಾ ಈಗ ಬರಿಯಾಕ ಕಾರಣ ಐತಿ. ನಮ್ಮ ಪೈಕಿ ಒಬ್ಬಾಕಿ ಸೊಸಿ, ಹೆಸರು ಬ್ಯಾಡ, ಓದೋರಿಗೆ ತಿಳೀತೈತಿ, ಎರಡು ವರ್ಷದಿಂದ ಜಮಖಂಡಿಗೆ ಹೋಗಿ ಬರಾಕತ್ತಾಳ. ಕೂಸಿಗೆ ಹದಿನಾಲ್ಕು ತಿಂಗಳ. ಬರೂ ಐತವಾರ ಹಿರ್ಯಾರು ಕೂಡಿ “ನೌಕರಿ ಬಿಡಸೂದು” ಅಂತ ಮಾತು ಮುಗಸೂವರು ಅದಾರ. ನನ್ನೂ ಕರದಾರ. ಅಲ್ಲಿ ಬರೂ ಕಾಕುಗೋಳು, ವೈನಿಗೋಳು ಎಲ್ಲಾರಿಗೂ ಕೈ ಮುಗದು ಕೇಳತೇನಿ. ಆಕಿ ಬಿಡಬೇಕೋ ಬ್ಯಾಡೋ ಅಂತ ಬಾಯಿ ತಗಿಯೂ ಮೊದಲ, ಎರಡು ವರ್ಷದಾಗ ಆಕಿ ಮುಂಜಾನಿ ಎಷ್ಟಕ್ಕ ಎದ್ದಾಳ, ಆಕಿ ಗಂಡ ಎಷ್ಟಕ್ಕ ಎದ್ದಾನ, ಇವೆರಡು ಕೇಳ್ರಿ. ಬಸ್ಸು ಎಷ್ಟಕ್ಕ ಬಿಡತೈತಿ ಅಂತ ಆಮ್ಯಾಲ ಕೇಳ್ರಂತ. ಮೂರು ತಿಂಗಳಿಗೆ ಖೋಲಿ ಹಿಡದು ನೋಡಾಕ ಬರತೈತೇನು ಅಂತ ಕೇಳ್ರಿ. ಖೋಲಿ ನಾನು ನೋಡಿಟ್ಟೇನಿ, ಕೆಲಸದಿಂದ ಹತ್ತು ಮಿನಿಟದ ದಾರಿ, ಕೂಸಿನ್ನ ನೋಡಿಕೊಳ್ಳಾಕ ಕೆಳಗಿನ ಮನಿ ಅಜ್ಜಿ ಹೂಂ ಅಂದಾಳ.

ಮತ್ತ ಬಸ್ಸಿಂದು. ಮುಂಜಾನಿ ಎಂಟರಿಂದ ಒಂಬತ್ತರ ನಡುವ ಇನ್ನೆರಡು ಗಾಡಿ, ಸಂಜೀಕ ಜಮಖಂಡಿಯಿಂದ ಆರಕ್ಕ ಒಂದು ಗಾಡಿ ಬೇಕು ಅಂತ ವಾಯವ್ಯ ಸಾರಿಗೆಯೋರಿಗೆ ಅರ್ಜಿ ಬರದೇನಿ. ನಲವತ್ತೊಂದು ಸಹಿ ಆಗ್ಯಾವ, ಅದರಾಗ ಗಂಡಸರದು ಮೂರು. ಅರ್ಜಿ ನಮ್ಮನ್ಯಾಗ ಟಿವಿ ಮ್ಯಾಲ ಐತಿ, ಗುರುವಾರ ಮಧ್ಯಾಹ್ನದೊಳಗ ಬಂದು ಸಹಿ ಹಾಕ್ರಿ. ಬರೂವಾಗ ಮನಿ ಗಂಡಸರನ್ನೂ ಕರಕೊಂಡು ಬರ್ರಿ, ಚಾ ಅವರ ಮಾಡಲಿ, ನಾನು ಸಕ್ಕರಿ ಡಬ್ಬಿ ಎಲ್ಲೈತಿ ಅಂತ ತೋರಸತೇನಿ.